ಮೇಷ್ಟ್ರ ಬಿಲ್ಲು ಮುರಿದವಳು

ಮಗಳ ಬಿಲ್ಲಿನ ಹೆದೆಗೆ ಮೇಣ ತಿಕ್ಕುತ್ತಿದ್ದೆ. ಜೇನುಮೇಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜೀವನ್ ಬಿಮಾ ನಗರದ ಮೈದಾನ, ಹುಲ್ಲಿನ ಗುರಿಹಲಗೆ, ಬಿಲ್ಲು ಕಲಿಸುತ್ತಿದ್ದ ನಮ್ಮ ಮೇಷ್ಟ್ರು... ಕೈ ಹಾಗೇ ನಿಂತುಹೋಯಿತು.

ಮೇಷ್ಟ್ರು ಕೆ.ಆರ್. ಪುರದಿಂದ ಎರಡು ಬಸ್ಸು ಬದಲಿಸಿ ಬರೋರು. ಹಲಸೂರಿನ ಮಕ್ಕಳಿಗೆ ತಮಿಳಲ್ಲಿ, ಶಿವಾಜಿನಗರದವರಿಗೆ ಉರ್ದುವಲ್ಲಿ, ನಮಗೆ ಕನ್ನಡದಲ್ಲಿ ಬೈಯೋರು. ಬೈಗುಳ ಮಾತ್ರ ಒಂದೇ: "ಬಾಣ ಇಲ್ದೆ ಹೆದೆ ಎಳೆದು ಬಿಟ್ರೆ ಕೈ ಮುರೀತೀನಿ!" ಬಾಣವಿದ್ದರೆ ಎಳೆತದ ಬಲವೆಲ್ಲ ಅದರ ಜೊತೆ ಹೋಗುತ್ತೆ. ಇಲ್ಲದಿದ್ದರೆ ಬಿಲ್ಲೇ ಆ ಪೆಟ್ಟು ತಿಂದು ಸೀಳಿಹೋಗುತ್ತೆ.

ಗೊತ್ತಿದ್ದೂ ಮಾಡಿದೆ ನಾನು. ಹದಿನೈದರ ಕೊಬ್ಬು. ದೊಡ್ಡವರ ಬಿಲ್ಲು ಎಳೆಯೋ ತಾಕತ್ತು ನನಗಿದೆಯಾ ನೋಡೇಬಿಡೋಣ ಅಂತ, ಮೇಷ್ಟ್ರು ಟೀಗೆ ಹೋದಾಗ ಅವರ ಬಿಲ್ಲೆತ್ತಿ ಖಾಲಿ ಹೆದೆ ಬಿಟ್ಟೆ. ಟಪ್ ಅಂತು. ಕೂದಲೆಳೆಯಷ್ಟು ಬಿರುಕು. ಯಾರೂ ನೋಡಿರಲಿಲ್ಲ, ತೆಪ್ಪಗೆ ಇದ್ದಲ್ಲೇ ಇಟ್ಟೆ.

ಮರುದಿನ ಮೇಷ್ಟ್ರು ಪೂರ್ತಿ ಎಳೆದಾಗ ಬಿಲ್ಲು ಮುರಿದು, ಚೂರು ಬಲಗಣ್ಣಿಗೆ ಹೊಡೀತು. ಕಣ್ಣು ಒತ್ತಿಹಿಡಿದುಕೊಂಡೇ ಅಂದರು: "ನಂದೇ ತಪ್ಪು ಕಣ್ರೋ, ನಿನ್ನೆ ಹೆದೆ ಇಳಿಸದೆ ಬಿಸಿಲಲ್ಲಿ ಇಟ್ಬಿಟ್ಟೆ." ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆ ಕಣ್ಣು ಉಳಿಯಲಿಲ್ಲ. ಕೆಲವೇ ತಿಂಗಳಲ್ಲಿ ಅವರು ಹೆಂಡತಿಯ ತವರಿಗೆ, ಕರಾವಳಿಗೆ ಹೊರಟುಹೋದರು. ಹುಡುಕಿಕೊಂಡು ಹೋಗಿ ಒಂದು ಮಾತು ಹೇಳಬೇಕು ಅಂತ ಇಪ್ಪತ್ತು ವರ್ಷ ಅಂದುಕೊಂಡೇ ಇದ್ದೆ...

ಈಗ ನನಗೆ ಉಡುಪಿಗೆ ವರ್ಗ. ಮಗಳ ಅಭ್ಯಾಸ ತಪ್ಪಬಾರದಲ್ಲ, ಆ ಕಡೆ ಬಿಲ್ಲುಗಾರಿಕೆ ಕ್ಲಬ್ಬು ಎಲ್ಲಿದೆ ಅಂತ ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿದೆ. ಕೊನೆಗೆ ನಿನ್ನೆ, ಉಡುಪಿಯ ಹತ್ತಿರ ಒಂದು ಸಿಕ್ಕಿತು. ಅಲ್ಲಿ ಕಲಿಸುವ ಹುಡುಗಿ ಅಂದಳು: "ನಮ್ಮಲ್ಲಿ ಉಂಟು ಮೇಡಂ. ನಿಮ್ಮ ಬೆಂಗಳೂರಿನ ಒಬ್ಬರು ಮೇಷ್ಟ್ರೇ ಶುರು ಮಾಡಿದ್ದು, ಒಂದು ಕಣ್ಣು ಇರಲಿಲ್ಲ ಅವರಿಗೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು."

ಅವಳು ಮಾತಾಡುತ್ತಲೇ ಇದ್ದಳು.

"ಇಲ್ಲಿ ಮೊದಲ ಪಾಠ ಎಂತ ಗೊತ್ತುಂಟಾ? ತಪ್ಪಾದರೆ ಬಂದು ಹೇಳಿ, ಬೈಯುವುದಿಲ್ಲ. ಮೇಷ್ಟ್ರ ಬಿಲ್ಲಿನ ಖಾಲಿ ಹೆದೆ ಬಿಟ್ಟಿದ್ದಳಂತೆ ಒಬ್ಬಳು. ಮುರಿದಾಗ ಅವಳ ಮುಖ ನೋಡಿಯೇ ಗೊತ್ತಾಯಿತಂತೆ. 'ನನ್ನ ಬೈಗುಳಕ್ಕೆ ಹೆದರಿ ಮಗು ಹೇಳಲಿಲ್ಲ, ತಪ್ಪು ನಂದೇ' ಅಂತಿದ್ದರು."

"ಯಾರಂತೆ ಆ ಹುಡುಗಿ?" ಅಂತ ಕೇಳಿದೆ.

"ಹೆಸರು ಹೇಳುತ್ತಿರಲಿಲ್ಲ ಮೇಡಂ."

ನಾನೇ ಅಂತ ಈಗಲಾದರೂ ಹೇಳಬಹುದಿತ್ತು. ಥೂ, ನನ್ನ ಜನ್ಮಕ್ಕಿಷ್ಟು! "ಸೋಮವಾರ ಮಗಳನ್ನ ಕರ್ಕೊಂಡು ಬರ್ತೀನಿ" ಅಂದು ಫೋನು ಇಟ್ಟೆ.