ಹೆಣ ಉರುಳುವ ಕಂತು

ಹೊನವಾಡದಲ್ಲಿ ಬಸ್ಸು ಹತ್ತಿದಾಗಿನಿಂದ ಮೊಬೈಲಿನಲ್ಲಿ, ಕಂತುಕಂತಾಗಿ ಬರುವ ಒಂದು ತಮಾಷೆಯ ಗೇಮ್ ಆಡುತ್ತಿದ್ದೆ. ಈ ಕಂತಿನಲ್ಲಿ ಚಟ್ಟದಿಂದ ಹೆಣ ಉರುಳುತ್ತದೆ. ಅಳುತ್ತಿರುವ ವಿಧವೆಗೆ ಏನು ಹೇಳಬೇಕೆಂದು ನಾವು ಆರಿಸಬೇಕು. ಆಯ್ಕೆಗೆ ಕೊಟ್ಟಿದ್ದ ಮಾತುಗಳೆಲ್ಲ ಹೊಲಸೇ. ನಾನು ಬಿದ್ದು ಬಿದ್ದು ನಗುತ್ತಿದ್ದೆ.

"ನಗು ತಮ್ಮಾ, ನಗಾಕೂ ಪುಣ್ಯಾ ಮಾಡಿರಬೇಕು," ಎಂದಳು ಪಕ್ಕದ ಸೀಟಿನ ಮುದುಕಿ.

ತಿಕೋಟಾದಲ್ಲಿ ಆಕೆ ಇಳಿಯುವಾಗ ರೊಟ್ಟಿಯ ಗಂಟು ಎತ್ತಿಕೊಟ್ಟೆ. ಅದೇ ಗುಂಗಿನಲ್ಲಿ, "ಇಷ್ಟ ರೊಟ್ಟಿ ಯಾರ ಮದುವಿಗಿ, ಆಯಿ?" ಎಂದೆ.

"ತಂಗಿ ಮನ್ಯಾಗ ಒಲಿ ಹಚ್ಚಿಲ್ಲಪಾ. ಆಕಿ ಗಂಡ ನಿನ್ನಿ ತೀರಿಕೊಂಡಾನ."

ಸತ್ತವರ ಮನೆಗೆ ಬಂಧುಗಳೇ ಬುತ್ತಿ ಒಯ್ಯುವ ಊರಿನಲ್ಲೇ ಹುಟ್ಟಿದ ಈ ಮೂರ್ಖನಿಗೆ ಅದು ಹೊಳೆದಿರಲಿಲ್ಲ. ಆಕೆ ಗಂಟು ಹೊತ್ತು ಇಳಿದಳು. ಬಸ್ಸು ಹೊರಟಿತು.

ಮೊಬೈಲಿನಲ್ಲಿ ವಿಧವೆ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದಳು.