ಒದ್ದೆ ಧೋತರದೊಳಗಿನ ಜಗ್ಗು

ನಾಸಿಕದಿಂದ ದೇವಳಾಲಿ ಕ್ಯಾಂಪಿಗೆ ಹೋಗುವ ರಸ್ತೆಯ ಪಕ್ಕದ ಪಿಂಗಾಣಿ ಕಾರ್ಖಾನೆಯಲ್ಲಿ ಕರೆಂಟಿನ ಕಂಬಕ್ಕೆ ಹಾಕುವ ಬಿಳಿ ಬುರುಡೆಗಳೂ ಮೋರಿಯ ಕೊಳವೆಗಳೂ ಲಾರಿಗಟ್ಟಲೆ ತಯಾರಾಗುತ್ತಿದ್ದವು. ಎಲ್ಲವೂ ಅಚ್ಚಿನವು, ಒಂದನ್ನು ನೋಡಿದರೆ ಸಾವಿರ ನೋಡಿದಂತೆ. ಅದರ ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಮಾತ್ರ ತಿಗರಿ ತಿರುಗಿಸಿ ಕೈಯಿಂದ ಜಗ್ಗು, ಬೋಗುಣಿ, ಹೂದಾನಿ ಮಾಡುತ್ತಿದ್ದರು. ಮಾಲೀಕರಿಗೆ ಅದು ಬಂದ ದೊಡ್ಡವರಿಗೆ ತೋರಿಸುವ ಶೋಕಿ, ಅಷ್ಟೇ. ಸ್ಟುಡಿಯೋ ಎಂದು ಬೋರ್ಡು ಬೇರೆ ಹಾಕಿಸಿದ್ದರು. ತಿಗರಿಗೆ ಕೂರುತ್ತಿದ್ದವನು ಬೀದರ್ ಕಡೆಯ ಕುಂಬಾರ ಶಿವರಾಯ. ಅವನು ಮಾಡಿದ್ದಕ್ಕೆ ಹಿಡಿಕೆ ಹಚ್ಚುತ್ತಿದ್ದವಳು ಹೆಂಡತಿ ಈರಮ್ಮ.

ಅವರ ಮನೆತನದಲ್ಲಿ ಹೆಂಗಸರು ತಿಗರಿ ಮುಟ್ಟುವಂತಿಲ್ಲ. ಹಿಡಿಕೆ ಹೆಂಗಸರ ಪಾಲಿನದು. ಹಚ್ಚುವಾಗ ಶಿವರಾಯ ಜಗ್ಗಿನೊಳಗೆ ಕೈ ಇಳಿಸಿ ಗೋಡೆಗೆ ಬೆರಳು ಕೊಟ್ಟು ನಿಲ್ಲುವನು, ಇವಳು ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತುವಳು. ಒಳಗೆ ಆಸರೆ ಇಲ್ಲದಿದ್ದರೆ ಹಸಿ ಮಣ್ಣು ಕುಸಿಯುತ್ತದೆ. ತೆಳ್ಳಗಿನ ಮಣ್ಣಿನ ಆಚೆಯಿಂದ ಗಂಡನ ಬೆರಳು ತನ್ನ ಬೆರಳಿಗೆ ಎದುರು ಒತ್ತುವುದು ಅವಳಿಗೆ ಗೊತ್ತಾಗುತ್ತಿತ್ತು. ಹಾಡುಹಗಲಲ್ಲಿ ನಾಲ್ಕು ಜನರೆದುರು ಗಂಡ ಹೆಂಡತಿ ಕೈ ಹಿಡಿದು ನಿಲ್ಲಲು ಬೇರೆ ದಾರಿ ಯಾವುದಿತ್ತು? ನೋಡಿದವರಿಗೆ ಅದು ಕೆಲಸ.

ದೇವಳಾಲಿಯ ಮಿಲಿಟರಿ ಸಾಹೇಬರ ಮೆಸ್ಸಿಗೆಂದು ಜಗ್ಗು ಮಾಡಿದ ದಿನ ಇಬ್ಬರಿಗೂ ಜಟಾಪಟಿಯಾಯಿತು.

“ನಿನ್ನ ಹಿಡಿಕಿ ನೋಡು, ಎಮ್ಮಿ ಕೊಂಬಿನಂಗ ಅದ,” ಎಂದ ಶಿವರಾಯ. ಅವನಿಗೆ ಅದು ತಮಾಷೆ. ಅವಳಿಗೆ ಅಂದು ಮೈಯೆಲ್ಲ ಉರಿಯಿತು.

“ಹಂಗಿದ್ರ ನೀವೇ ಹಚ್ಕೋರಿ. ನಾ ಹಚ್ಚಂಗಿಲ್ಲ.”

“ಆಯ್ತು ತಾಯಿ, ನಾಳಿ ಹಚ್ಚು. ಮಣ್ಣು ಹಸಿ ಇರೂತನಕ ಏನೂ ಕೆಟ್ಟಿಲ್ಲ.”

ನಗುತ್ತಲೇ ತನ್ನ ಹಳೆಯ ಧೋತರದ ತುಂಡನ್ನು ನೀರಿಗದ್ದಿ ಜಗ್ಗಿಗೆ ಸುತ್ತಿ, ಮೂಲೆಯ ಹಲಗೆಯ ಮೇಲಿಟ್ಟ. ಅವಳು ತಿರುಗಿಯೂ ನೋಡದೆ ಮುಂದೆ ನಡೆದಳು. ಹಿಂದೆ ಬರುತ್ತಿದ್ದವನು ಕಾರ್ಖಾನೆಯ ಗೇಟಿನ ಹತ್ತಿರ ಎದೆ ಹಿಡಿದು ಕೂತ, ಮತ್ತೆ ಏಳಲಿಲ್ಲ.

ಊರಲ್ಲಿ ಕಾರ್ಯ ಮುಗಿಸಿ ಈರಮ್ಮ ಕೆಲಸಕ್ಕೆ ಬಂದಾಗ ತಿಗರಿಗೆ ರೇವಣಪ್ಪನೆಂಬ ಹೊಸಬ ಕೂತಿದ್ದ. ಮೂಲೆಯ ಜಗ್ಗನ್ನು ಯಾರೂ ಮುಟ್ಟಿರಲಿಲ್ಲ. ಮಳೆಗಾಲ, ಧೋತರ ಇನ್ನೂ ತೇವವಾಗಿತ್ತು, ಈಗಷ್ಟೇ ಸುತ್ತಿ ಹೋದಂತೆ. ಒಣಗಿದ ಮಣ್ಣಿಗೆ ಹಿಡಿಕೆ ಕೂರುವುದಿಲ್ಲ. ಹಸಿ ಇರುವತನಕ ಏನೂ ಕೆಟ್ಟಿಲ್ಲ. ಅವನ ಮಾತು ಮುಗಿದಿಲ್ಲ, ಅವಳ ಜಗಳವೂ ಮುಗಿದಿಲ್ಲ.

ಅಂದಿನಿಂದ ಅವಳು ಎಲ್ಲರಿಗಿಂತ ಮೊದಲು ಬಂದು ಬಟ್ಟೆಗೆ ನೀರು ಚಿಮುಕಿಸತೊಡಗಿದಳು. “ನಾಳಿ ಹಚ್ತೀನ್ರಿ,” ಎನ್ನುವಳು. ಹಚ್ಚಿದರೆ ಜಗ್ಗು ಮುಗಿಯಿತು. ಮುಗಿದದ್ದು ಸುಡುವ ಭಟ್ಟಿಗೆ, ಅಲ್ಲಿಂದ ಮೆಸ್ಸಿಗೆ ಹೋಗುತ್ತದೆ. ಬಿಚ್ಚಿ ನೋಡಲೂ ಧೈರ್ಯವಿಲ್ಲ. ಹೊರಮೈಯಲ್ಲಿ ಅವನ ಬೆರಳುಗಳ ಗೆರೆಗಳಿವೆ, ಗಾಳಿಗೆ ಬಿರುಕು ಬಿಟ್ಟಾವು ಎಂಬ ಭಯ. ಬಟ್ಟೆಯ ಮೇಲೆ ಅಂಗೈ ಇಟ್ಟರೆ ಒಳಗಿನಿಂದ ಏನೋ ಎದುರು ಒತ್ತಿದಂತಾಗುವುದು. ಕೆಲವು ದಿನ ಬೆಳಿಗ್ಗೆ ಅವಳು ನೀರು ಚಿಮುಕಿಸುವ ಮೊದಲೇ ಧೋತರ ಒದ್ದೆಯಾಗಿರುತ್ತಿತ್ತು. ನಿನ್ನೆ ಹೆಚ್ಚಾಗಿರಬೇಕು ಎಂದುಕೊಂಡರೂ ಒಮ್ಮೆ ಮೂಲೆಯ ಸುತ್ತ ಕಣ್ಣಾಡಿಸುವಳು.

ಬಣ್ಣ ಬಳಿಯುವ ಮರಾಠಿ ಹುಡುಗಿ ಚಂಪಾ ಒಂದು ದಿನ ಬಾಯಿಬಿಟ್ಟಳು. “ಮಾವಶಿ, ಆ ಮೂಲಿ ಕೋಪರಾಕ್ಕ ಹೋಗಬ್ಯಾಡ್ರಿ. ಬ್ಯಾಸಗಿ ಬಂದ್ರೂ ಆ ಕಪಡಾ ಸುಕತ್ ನಾಹಿ, ಒಣಗೂದೇ ಇಲ್ಲ. ಶಿವರಾಯ ಮಾಮಾ ಇನ್ನೂ ಅಲ್ಲೇ ಅದಾರ.”

ದಿನವೂ ನೀರು ಚಿಮುಕಿಸುವವಳು ತಾನೇ ಎಂದು ಈರಮ್ಮ ಅವಳಿಗೆ ಹೇಳಲಿಲ್ಲ. ಅವನು ಇದ್ದಾನೆಂಬ ಭಯ ಅವಳಿಗಿರಲಿಲ್ಲ. ಬಟ್ಟೆ ಒಣಗಿದ ದಿನ ಹೊರಟುಹೋಗುತ್ತಾನೆ ಎಂಬುದೇ ಭಯ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಬಂದದ್ದು ಆಫೀಸಿನಿಂದ. ಸೂಪರ್‌ವೈಸರ್ ವಿಶ್ವನಾಥಪ್ಪ, ಕಲಬುರ್ಗಿಯವರು, ಶೆಡ್ಡಿಗೆ ಬಂದು ನಿಂತರು.

“ಸ್ಟುಡಿಯೋ ಔರಂಗಾಬಾದಿನ ಹೊಸ ಕಾರ್ಖಾನಿಗೆ ಹೊಂಟದ, ಈರಮ್ಮ. ಸುಟ್ಟ ಮಾಲು ಲಾರಿ ಏರ್ತದ. ಹಸಿದೆಲ್ಲಾ ವಾಪಸ್ ಮಣ್ಣಿನ ಹೊಂಡಕ್ಕ.”

“ಅದೊಂದು ಜಗ್ಗು ಉಡಿಯಾಗ ಇಟ್ಕೊಂಡು ಹೋಗ್ತೀನ್ರಿ, ಸಾಹೇಬ್ರ.”

“ದಾರ್ಯಾಗ ಯೇವಲಾ ಊರು ದಾಟೂದ್ರಾಗ ಮಣ್ಣಿನ ಮುದ್ದಿ ಆಗ್ತದವ್ವ.” ಅವರ ದನಿ ತಗ್ಗಿತು. “ಇಷ್ಟು ದಿನ ನೋಡಿಯೂ ನೋಡಲಾರದಂಗ ಇದ್ದೆ. ಮೆಸ್ಸಿಗೆ ಬ್ಯಾರೆದು ಕಳಿಸೇವಿ, ಇದು ನಿಂದೇ. ಕೊನೀ ಭಟ್ಟಿ ಹಚ್ಚೂದ್ರಾಗ ಒಣಗಬೇಕಂದ್ರ ಇವತ್ತೇ ಹಿಡಿಕಿ ಹಚ್ಚು.”

ಅವಳು ಧೋತರ ಬಿಚ್ಚಿದಳು. ಹೊರಮೈಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಧೋತರದ ನೂಲಿನ ಗುರುತಷ್ಟೇ ಸುತ್ತ ಮೂಡಿತ್ತು. ಕಾಪಾಡಲೆಂದು ದಿನವೂ ಹಾಕಿದ ನೀರೇ ಅವನ ಬೆರಳುಗಳನ್ನು ತೊಳೆದು ಒಯ್ದಿತ್ತು.

“ನಾನೇ ಅಳಿಸಿಬಿಟ್ನಲ್ಲಾ!” ಎಂದು ಅವಳು ನೆಲಕ್ಕೆ ಕುಸಿದು ಅತ್ತಳು. ಅವನು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ರೇವಣಪ್ಪ ತಿಗರಿ ನಿಲ್ಲಿಸಿ ಎದ್ದು ಬಂದ. “ಅಕ್ಕಾ, ನಾ ಒಳಗ ಕೈ ಹಿಡೀತೀನ್ರಿ, ನೀವು ಹಚ್ರಿ.”

“ಬ್ಯಾಡ ತಮ್ಮಾ,” ಎಂದು ಕಣ್ಣೊರೆಸಿಕೊಂಡಳು.

ಹಿಡಿಕೆ ಹೊಸೆದು, ಎಡಗೈಯನ್ನು ಜಗ್ಗಿನೊಳಗೆ ಇಳಿಸಿದಳು. ಇಷ್ಟು ವರ್ಷ ಅದು ಅವನ ಜಾಗ. ಅವಳ ಕೈ ಅಲ್ಲಿಗೆ ಹೋದದ್ದು ಅದೇ ಮೊದಲು. ಗೋಡೆಗೆ ತಾಗಿದ ಬೆರಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು. ಒದ್ದೆ ಬಟ್ಟೆ ಮುಟ್ಟಿದ್ದು ಹೊರಮೈಯನ್ನು ಮಾತ್ರ. ಒಳಗೆ, ತಳದಿಂದ ಬಾಯಿಯವರೆಗೆ, ಅವನ ಬೆರಳುಗಳು ಎಳೆದ ಗೆರೆಗಳು ಸುತ್ತಿ ಸುತ್ತಿ ಹಾಗೇ ಇದ್ದವು. ಅವಳ ಬೆರಳು ಒಂದರಲ್ಲಿ ಕೂತಿತು. ಗೆರೆ ಅಗಲ, ಬೆರಳು ಸಣ್ಣದು. ಹೊರಗಿನಿಂದ ಹೆಬ್ಬೆರಳು ಒತ್ತಿದಳು. ಒಳಗಿನಿಂದ ಎದುರು ಒತ್ತಿದ ಕೈ ಯಾರದೆಂದು ಒಂದು ಗಳಿಗೆ ಅವಳಿಗೇ ತಿಳಿಯಲಿಲ್ಲ.

“ಹಚ್ಚೀನಿ ನೋಡ್ರಿ,” ಎಂದಳು. “ಎಮ್ಮಿ ಕೊಂಬಿನಂಗೇ ಆಗ್ಯದ.”

ಜಗ್ಗಿನ ಹೊರಗಷ್ಟೇ ಹೊಳಪು ಬಳಿಯಲು ಚಂಪಾಳಿಗೆ ಹೇಳಿದಳು, ಗೆರೆಗಳು ಮುಚ್ಚಿಹೋದಾವೆಂದು ಒಳಗೆ ಬಳಿಯಗೊಡಲಿಲ್ಲ.

ಔರಂಗಾಬಾದಿನ ಮನೆಯಲ್ಲಿ ಈರಮ್ಮ ಅದರಿಂದ ಯಾರಿಗೂ ನೀರು ಕೊಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಳಗೆ ಕೈ ಹಾಕಿ ತೊಳೆಯುವಳು. ಸುಟ್ಟ ಮಣ್ಣು, ಇನ್ನು ಎಷ್ಟು ನೀರು ಹಾಕಿದರೂ ಏನೂ ಅಳಿಯುವುದಿಲ್ಲ. ಭಟ್ಟಿಯಲ್ಲಿ ಮಣ್ಣು ಕುಗ್ಗುತ್ತದೆ, ಅದು ಕುಂಬಾರರಿಗೆಲ್ಲ ಗೊತ್ತಿರುವ ಮಾತು. ಅವನ ಬೆರಳಿನ ಗೆರೆಗಳೂ ಕುಗ್ಗಿ ಅವಳ ಬೆರಳಿಗೆ ಸರಿಯಾಗಿ ಹೊಂದುತ್ತಿದ್ದವು.