ಟೆನರ್ ಸಾಲಿಗೆ ಎರಡು ಹಾಳೆ

ಶನಿವಾರ ಸಂಜೆ ಚರ್ಚಿನ ಹಾಡುಗುಂಪಿನ ಅಭ್ಯಾಸದಲ್ಲಿ ನನ್ನ ಹೆಂಡತಿಯೂ ಬಂಗಾರಪೇಟೆಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರೂ ಒಂದೇ ಹಾಳೆ ಹಿಡಿದು ಹಾಡುತ್ತಾರೆ. ಎಡ ಅಂಚು ಅವಳ ಕೈಯಲ್ಲಿ, ಬಲ ಅಂಚು ಅವರ ಕೈಯಲ್ಲಿ. ಪುಟ ಮುಗಿಯುವಾಗ ಅವಳು ತಲೆಯಾಡಿಸುತ್ತಾಳೆ, ಅವರು ತಿರುವುತ್ತಾರೆ. ನಾನು ಕೊನೆಯ ಬೆಂಚಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು ಇದನ್ನು ನೋಡುತ್ತೇನೆ. ನನಗೆ ಹಾಡಲು ಬರುವುದಿಲ್ಲ.

ಅವಳು ಹುಟ್ಟಿ ಬೆಳೆದದ್ದು ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ. ತಂದೆ ಗಣಿ ಕೆಲಸದವರು, ಮನೆಮಾತು ತಮಿಳು, ಚಿಕ್ಕಂದಿನಿಂದ ಚರ್ಚಿನ ಹಾಡುಗಾರರ ಗುಂಪಿನಲ್ಲಿ ಇದ್ದವಳು. ನಾನು ಕ್ಯಾಸಂಬಳ್ಳಿ ಕಡೆಯ ರಾಗಿ ಬೆಳೆಯುವ, ಹಸು ಕಟ್ಟುವ ಮನೆಯವನು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಬೇರೆಯವರ ವಾಕ್ಯ ತಿದ್ದಿ ನಿವೃತ್ತನಾದೆ. ಮದುವೆಯ ನಂತರ ಅವಳು ಕನ್ನಡ ಕಲಿತದ್ದು ನನ್ನ ತಾಯಿಯಿಂದ. ಹಾಗಾಗಿ ಮನೆಯಲ್ಲಿ ನನಗಿಂತ ಅವಳದೇ ಹೆಚ್ಚು ಊರಿನ ಕನ್ನಡ.

ಗುಂಪಿನಲ್ಲಿ ಗಂಡಸರು ಕಡಿಮೆಯಾಗುತ್ತ ಬಂದರು. ಟೆನರ್, ಅಂದರೆ ಗಂಡಸರ ಧ್ವನಿಗಳಲ್ಲಿ ಎತ್ತರದ್ದು, ಹಾಡಲು ಉಳಿದವರು ಆ ಗಾರ್ಡ್ ಒಬ್ಬರೇ. ನನ್ನ ಹೆಂಡತಿಯ ಧ್ವನಿ ಮೊದಲಿನಿಂದಲೂ ತಗ್ಗಿನದು. ಅವಳನ್ನು ಹೆಂಗಸರ ಸಾಲಿನಿಂದ ತೆಗೆದು ಅವರ ಪಕ್ಕದಲ್ಲಿ ನಿಲ್ಲಿಸಿದರು. ಅವರು ಅವಳನ್ನು ‘ತಂಗಚ್ಚಿ’ ಎಂದೇ ಕರೆಯುತ್ತಾರೆ, ತಮಿಳಿನಲ್ಲಿ ತಂಗಿ ಎಂದರ್ಥ. ಇದನ್ನು ನಾನು ದಾಖಲಿಸಲೇಬೇಕು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ ಎಂಬುದನ್ನೂ.

ಗುಂಪಿನ ಹಳೆಯ ಹಾಳೆಗಳು ಮಡಿಕೆಗಳಲ್ಲಿ ಹರಿಯುತ್ತಿದ್ದವು. ಅವನ್ನು ಸಂಗೀತ ಬರೆಯುವ ಒಂದು ತಂತ್ರಾಂಶಕ್ಕೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ತಂತ್ರಾಂಶದ ಸಹಾಯ ಪುಟಗಳನ್ನು ಕೆಲವರು ಆಸಕ್ತಿಯಿಂದ ಕನ್ನಡದಲ್ಲಿ ಬರೆಯುತ್ತಿದ್ದರು. ನಾನೂ ಸೇರಿಕೊಂಡೆ. ನನಗೆ ಕೊಟ್ಟ ಪುಟ ಅರ್ಥ ಖಚಿತವಿಲ್ಲದ ಕ್ಲೆಫ್ ಗುರುತುಗಳದ್ದು.

ಐದು ಗೆರೆಗಳ ಎಡತುದಿಯಲ್ಲಿ ಬರೆದು, ಯಾವ ಗೆರೆ ಯಾವ ಸ್ವರ ಎಂದು ತಿಳಿಸುವ ಗುರುತೇ ಕ್ಲೆಫ್. ಟೆನರ್ ಸಾಲಿಗೆ ಸುರುಳಿಯಂಥ ಗುರುತು ಹಾಕಿ ಅದರ ಕೆಳಗೆ ಪುಟ್ಟದಾಗಿ ಎಂಟು ಎಂದು ಬರೆದರೆ, ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡಬೇಕು. ನಮ್ಮ ಹಳೆಯ ಹಾಳೆಗಳಲ್ಲಿ ಕೆಲವಕ್ಕೆ ಆ ಎಂಟು ಇಲ್ಲವೇ ಇಲ್ಲ. ಕೆಲವಲ್ಲಿ ಎಂಟರ ಬದಲು ಎರಡು ಸುರುಳಿ ಒಂದಕ್ಕೊಂದು ಅಂಟಿಕೊಂಡಿವೆ. ಕೆಲವಲ್ಲಿ ಎಂಟು ಕಂಸದೊಳಗಿದೆ: ಕೆಳಗೆ ಹಾಡಿದರೂ ಸರಿ, ಬರೆದಲ್ಲೇ ಹಾಡಿದರೂ ಸರಿ. ಗಂಡಸು ಹಾಡುವಾಗ ಇದು ಸಮಸ್ಯೆಯಲ್ಲ, ಅವನ ಗಂಟಲು ತಾನಾಗಿ ಕೆಳಗೇ ಹೋಗುತ್ತದೆ. ಅದೇ ಸಾಲಿಗೆ ಹೆಂಗಸೊಬ್ಬಳು ಬಂದು ನಿಂತಾಗ ಪ್ರಶ್ನೆ ಏಳುತ್ತದೆ.

ಎಂಟು ಇಲ್ಲದ ಹಾಳೆಯೊಂದನ್ನು ಇದ್ದ ಹಾಗೇ ಏರಿಸಿ, ತಂತ್ರಾಂಶದ ಹೆಣ್ಣು ಧ್ವನಿ ಆರಿಸಿ ನುಡಿಸಿದೆ. ಅಡುಗೆಮನೆಯಿಂದ ಹೆಂಡತಿ ಬಂದಳು.

“ಯಾರ್ರೀ ಅದು? ಕೋಳಿ ಕತ್ತು ಇಚುಕ್ದಂಗೆ ಐತಲ್ಲ.”

“ನೀನೇ. ಟೆನರ್ ಸಾಲು.”

“ಕಡವುಳೇ! ನಾನು ಅಂಗೆ ಕಿರುಚ್ತೀನಾ?”

ದೇವರನ್ನು ತಮಿಳಿನಲ್ಲೇ ಕರೆದು ಅವಳು ನಗುತ್ತ ಒಳಗೆ ಹೋದಳು. ನಾನು ನಗಲಿಲ್ಲ. ತಂತ್ರಾಂಶದ ಲೆಕ್ಕದಲ್ಲಿ ಅವಳಿಗೂ ಆ ಗಾರ್ಡಿಗೂ ನಡುವೆ ಒಂದು ಇಡೀ ಸ್ಥಾಯಿಯ ಅಂತರವಿತ್ತು. ಆ ಅಂತರ ನನಗೆ ಹಿತವಾಗಿ ಕಂಡಿತು.

ಅದೇ ವಾರ ತಾಯಿ ಸೊಸೆಯ ಫೋನಿನಲ್ಲಿ ಅಭ್ಯಾಸದ ವಿಡಿಯೊ ನೋಡಿದ್ದರು. ಹಸುವಿನ ಕೆಚ್ಚಲು ತೊಳೆಯುತ್ತ ಕೇಳಿದರು.

“ಆ ವಯ್ಯ ಯಾರ್ಲಾ, ನಿನ್ ಎಂಡ್ರು ಪಕ್ದಾಗೆ ನಿಂತ್ಕಂಡು ಅಲ್ಲು ಕಿರಿಯೋನು?”

“ರೈಲ್ವೇಲಿ ಗಾರ್ಡ್ ಆಗಿದ್ರಮ್ಮ.”

“ಗಾರ್ಡು ಅಂದ್ರೆ ರೈಲಿನ್ ಇಂದ್ಗಡೆ ನಿಂತ್ಕಳೋನು ಕಣ್ಲಾ. ಇಲ್ಯಾಕೆ ಪಕ್ಕಕ್ ಬಂದ?”

ನಾನು ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟೆ.

ಡಿಸೆಂಬರಿನ ಕಾರ್ಯಕ್ರಮಕ್ಕೆ ಹೊಸ ಹಾಳೆಗಳನ್ನು ಅಚ್ಚು ಹಾಕಬೇಕಿತ್ತು. ನಾನು ಟೆನರ್ ಸಾಲನ್ನು ಎರಡಾಗಿ ಒಡೆದೆ. ಗಾರ್ಡಿಗೆ ಎಂಟು ಇರುವ ಗುರುತು, ಹೆಂಡತಿಗೆ ಎಂಟು ಇಲ್ಲದ್ದು. ಇಬ್ಬರಿಗೂ ಬೇರೆ ಬೇರೆ ಹಾಳೆ, ದಪ್ಪ ಅಕ್ಷರ, ಒಳ್ಳೆಯ ಕಾಗದ. ಅವಳ ಹಾಳೆಯ ತಲೆಯ ಮೇಲೆ ‘ಹೆಂಗಸರ ಸಾಲಿನಲ್ಲಿ ನಿಂತು’ ಎಂದು ಸೇರಿಸಿದೆ. ಸಹಾಯ ಪುಟದ ಕರಡಿನಲ್ಲಿ ಹೀಗೆ ಬರೆದೆ: ಟೆನರ್ ಸಾಲನ್ನು ಹೆಂಗಸರು ಹಾಡುವಾಗ ಬರೆದ ಸ್ಥಾಯಿಯನ್ನೇ ಹಿಡಿಯಬೇಕು. ಇದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಡೆಸ್ಕಿನಲ್ಲಿ ಇಂಥ ವಾಕ್ಯ ಯಾರಾದರೂ ಬರೆದು ತಂದಿದ್ದರೆ, ಯಾರು ಹೇಳಿದ್ದು ಎಂದು ಅಂಚಿನಲ್ಲಿ ಗೀಚಿ ವಾಪಸು ಕಳಿಸುತ್ತಿದ್ದೆ.

ಮುಂದಿನ ಶನಿವಾರ ಹಾಳೆ ಹಂಚಿದೆ. ಹೆಂಡತಿ ತನ್ನದನ್ನು ಓದಿ, ನನ್ನತ್ತ ಒಮ್ಮೆ ನೋಡಿ, ಮುಂದಿದ್ದ ಹೆಂಗಸರ ಸಾಲಿಗೆ ನಡೆದಳು. ಹಾಡು ಶುರುವಾಯಿತು. ಅವಳು ಬರೆದಲ್ಲಿಗೆ ಏರಲು ಹೋದಳು, ಕುತ್ತಿಗೆಯ ನರ ಉಬ್ಬಿತು. ಹಿಂದೆ ಗಾರ್ಡ್ ಮೊದಲ ಸಾಲು ಹೇಗೋ ದಾಟಿದರು. ಎರಡನೆಯದರಲ್ಲಿ ಪಕ್ಕದವರ ರಾಗಕ್ಕೆ ಜಾರಿದರು, ಆಮೇಲೆ ನಿಂತೇಬಿಟ್ಟರು. ಕೀಬೋರ್ಡ್ ನುಡಿಸುತ್ತಿದ್ದ ಗುಂಪಿನ ಹಿರಿಯರೊಬ್ಬರು ಕೈ ತೆಗೆದು ಎಲ್ಲರನ್ನೂ ಚಹಾಕ್ಕೆ ಬಿಟ್ಟರು.

ಗಾರ್ಡ್ ನೇರವಾಗಿ ನನ್ನ ಬೆಂಚಿಗೆ ಬಂದರು.

“ಸಾರ್, ತಪ್ಪು ತಿಳ್ಕೋಬೇಡಿ. ನಂಗೆ ಈ ನೋಟ್ಸ್ ಓದೋಕೆ ಬರಲ್ಲ.”

“ಮತ್ತೆ ಇಷ್ಟು ವರ್ಷ ಹೇಗೆ ಹಾಡಿದ್ರಿ?”

“ಪೇಪರು ಸುಮ್ನೆ ಹಿಡ್ಕೊಳ್ಳೋದು ಸಾರ್. ತಂಗಚ್ಚಿ ಬಾಯಿ ನೋಡ್ಕೊಂಡೇ ಹಾಡೋದು. ಅವ್ರು ಬಾಯಿ ತೆಗೆದ್ರೆ ನಾನೂ ತೆಗೀತೀನಿ.”

ಇದನ್ನು ಅವರು ನಾಚಿಕೆಯಿಂದ, ನನ್ನನ್ನು ನಂಬಿ ಹೇಳಿದರು. ನಾನು ಕೇಳಿಸಿಕೊಂಡದ್ದು ಬೇರೆ. ಹಾಳೆ ನೋಡುತ್ತಿದ್ದಾರೆ ಎಂದು ನಾನು ಅಂದುಕೊಂಡಿದ್ದ ಅಷ್ಟೂ ವರ್ಷ ಈ ಮನುಷ್ಯ ನೋಡುತ್ತಿದ್ದದ್ದು ನನ್ನ ಹೆಂಡತಿಯ ಬಾಯನ್ನು. ಪರವಾಗಿಲ್ಲ, ಚಹಾ ಕುಡೀರಿ ಎಂದೆ.

ವಾಪಸು ಬರುವಾಗ ಸ್ಕೂಟರಿನಲ್ಲಿ ಅವಳು ಹಿಂದಿನಿಂದ ಕೇಳಿದಳು.

“ಆ ಎರಡ್ ಪೇಪರು ನಿಮ್ ಸಾಫ್ಟ್‌ವೇರ್ ಮಾಡಿದ್ದಾ, ನೀವ್ ಮಾಡಿದ್ದಾ?”

“ನಾನೇ. ಓದೋಕೆ ಸುಲಭ ಆಗ್ಲಿ ಅಂತ.”

“ಉಂ. ಒಟ್ಟೆಕಿಚ್ಚಿಗೆ ಚೆಂದಾಗಿ ಪ್ರಿಂಟ್ ಆಕ್ಸಿದೀರ.”

ಎದುರಿಗೆ ಬಸ್ಸು ಬಂತು. ನಾನು ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸಿ ನಿಲ್ಲಿಸಿದೆ.

“ಕೇಳಿ ಇಲ್ಲಿ,” ಎಂದಳು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. “ಅಷ್ಟ್ ಎತ್ರದಾಗೆ ನಂಗ್ ಆಗಲ್ಲ. ಗಂಟ್ಲು ಕುಯ್ದಂಗ್ ಆಯ್ತದೆ. ಅಲ್ಲೇ ಆಡು ಅಂದ್ರೆ ಗುಂಪೇ ಬಿಟ್ಬಿಡ್ತೀನಿ. ನಿಮ್ಗೆ ಅದೇ ಬೇಕಾ? ಬಾಯ್ ಬಿಟ್ಟು ಏಳಿ, ನಾಳೆಯಿಂದ್ಲೇ ಓಗಲ್ಲ.”

ಅದೇ ಬೇಕು ಎಂದು ಒಂದು ಕ್ಷಣ ಅನ್ನಿಸಿತು. ಶನಿವಾರ ಸಂಜೆ ಅವಳು ಮನೆಯಲ್ಲಿರುತ್ತಾಳೆ, ನಾನೂ ಇರುತ್ತೇನೆ. ಆದರೆ ಅವಳು ಹಾಡುವುದು ವಾರದಲ್ಲಿ ಆ ಒಂದು ಸಂಜೆ. ಹಾಡಿ ಬಂದ ರಾತ್ರಿ ಊಟ ಬಡಿಸುವಾಗಲೂ ಗುನುಗುತ್ತಿರುತ್ತಾಳೆ.

“ಬೇಡ. ಹೋಗು,” ಎಂದೆ.

“ಎಲ್ ನಿಂತ್ಕಳ್ಲಿ?”

“ಹೋದ ವಾರದವರೆಗೆ ಎಲ್ಲಿದ್ದೆಯೋ ಅಲ್ಲೇ.”

ಮರುದಿನ ಎರಡು ಸಾಲುಗಳನ್ನು ಮತ್ತೆ ಒಂದು ಮಾಡಿ, ಸುರುಳಿಯ ಕೆಳಗೆ ಎಂಟು ಹಾಕಿ, ಇಬ್ಬರಿಗೂ ಸೇರಿ ಒಂದೇ ಹಾಳೆ ಅಚ್ಚು ಹಾಕಿಸಿದೆ. ಸಹಾಯ ಪುಟದಿಂದ ಆಧಾರವಿಲ್ಲದ ವಾಕ್ಯ ತೆಗೆದೆ. ಅದರ ಬದಲು, ಗುರುತು ಏನನ್ನೂ ಖಚಿತವಾಗಿ ಹೇಳದಿದ್ದಾಗ ಆ ಸಾಲನ್ನು ಹಾಡುವವರನ್ನೇ ಕೇಳಿ, ಅವರು ಹಾಡುವ ಸ್ಥಾಯಿಗೆ ಹೊಂದುವ ಗುರುತು ಹಾಕಿರಿ ಎಂದು ಬರೆದೆ.

ಉದಾಹರಣೆಗೆ ಒಂದು ಧ್ವನಿಮುದ್ರಣ ಬೇಕಿತ್ತು. ಮುಂದಿನ ಶನಿವಾರ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಫೋನು ನಾನೇ ಹಿಡಿದೆ. ಹಾಡು ಮುಗಿಯುವವರೆಗೂ ಗಾರ್ಡ್ ಅವಳ ಬಾಯನ್ನೇ ನೋಡಿದರು. ನಾನು ಅವರನ್ನು ನೋಡಿದೆ.

ಪುಟಕ್ಕೆ ಸೇರಿಸುವ ಮುನ್ನ ಇಬ್ಬರೂ ನಿಜಕ್ಕೂ ಒಂದೇ ಸ್ಥಾಯಿಯಲ್ಲಿದ್ದಾರೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕೇಳಿದೆ, ತಿರುಗಿ ಕೇಳಿದೆ. ಎಲ್ಲೂ ಅಂತರವಿರಲಿಲ್ಲ. ಹೆಂಡತಿ ಹೆಗಲ ಮೇಲಿಂದ ಬಗ್ಗಿ, “ಸರಿ ಐತೇನ್ರೀ?” ಎಂದು ಕೇಳಿದಳು.

ಸರಿಯಾಗಿದೆ ಎಂದೆ. ಎರಡರಲ್ಲಿ ಅವಳ ಧ್ವನಿ ಯಾವುದು ಎಂದು ನನಗೆ ತಿಳಿಯಲಿಲ್ಲ ಎಂಬುದನ್ನು ಹೇಳಲಿಲ್ಲ.